ಬೆಟ್ಟ ಹತ್ತಿದ ಗಂಜಿ ಕೋಟು

ನಮ್ಮ ಮನೆಯ ದೇವರ ಗೂಡಿನಲ್ಲಿರುವ ತಿರುನೀರಿನ ಮೇಲೆ ನನಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ವಿಭೂತಿಯ ಮೇಲೆ ಎಂಥ ಹೊಟ್ಟೆಕಿಚ್ಚು ಎನ್ನಬೇಡಿ. ಪ್ರತಿ ವರ್ಷ ಚಿತ್ತಿರೆ ತಿಂಗಳಲ್ಲಿ ವೆಳ್ಳಿಯಂಗಿರಿಯ ಶಿವನ ಬೆಟ್ಟ ಹತ್ತಿ ಅದನ್ನು ತರುವವನು ನನ್ನ ಹೆಂಡತಿ ಚಿನ್ನತಾಯಿಯ ಅಣ್ಣ ಅಂಗಪ್ಪನ್. ಹೆಗಲಿಗೊಂದು ಟವಲು, ಕೈಗೊಂದು ಬಿದಿರುಕೋಲು, ಕಾಲಿಗೆ ಏನೂ ಇಲ್ಲ. ಅಷ್ಟರಲ್ಲೇ ಏಳು ಬೆಟ್ಟ ಹತ್ತಿಳಿದು ಬಂದು, ನಮ್ಮ ಜಗಲಿಯಲ್ಲಿ ಕೂತು, ತಂಗಿಯ ಹಣೆಗೆ ತಿರುನೀರು ಇಟ್ಟು, ನನ್ನ ಹೊಟ್ಟೆಯ ಕಡೆ ಒಮ್ಮೆ ನೋಡುತ್ತಾನೆ. (ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.)

ಹೆಂಗಸರು ಆ ಬೆಟ್ಟ ಹತ್ತುವ ವಾಡಿಕೆಯಿಲ್ಲ. ಈ ಸಲ ಚಿನ್ನತಾಯಿ ನನಗೆ ಕಾಫಿ ಕೊಡುತ್ತಾ ಮೆಲ್ಲಗೆ ಹೇಳಿದಳು: "ಏನುಂಗ, ಒಂದು ಸಲ ನಿಮ್ಮ ಕೈಯಿಂದ ಬೆಟ್ಟದ ತಿರುನೀರು ಇಟ್ಕೋಬೇಕು ಅಂತ ಆಸೆ."

ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳು ಬಾಯಿಬಿಟ್ಟು ಕೇಳಿದ್ದು ಚಿಟಿಕೆ ಬೂದಿ. ನನ್ನ ಎದೆ ತುಂಬಿ ಬಂತು. ಹೊರಟೇಬಿಡುವುದೆಂದು ಅಲ್ಲೇ ಪ್ರತಿಜ್ಞೆ ಮಾಡಿದೆ.

ಆದರೆ ನಾನೇನು ಅಂಗಪ್ಪನ್ ಹಾಗೆ ಟವಲು ಹೊದ್ದು ನಡುಗುವ ಆಸಾಮಿಯೆ? ಪಲ್ಲಡದಲ್ಲಿ ಸ್ವಂತ ಪವರ್‌ಲೂಮ್ ಓಡಿಸುವವನು ಚಳಿಗೆಂದು ಅಂಗಡಿಯ ಸ್ವೆಟರ್ ಕೊಂಡರೆ ಕುಲಕ್ಕೇ ಅವಮಾನ. ನನ್ನ ಮಗ್ಗದಲ್ಲೇ ದಪ್ಪ ನೂಲಿನ ಬಟ್ಟೆ ನೇಯ್ದೆ. ಹಾಸಿನ ನೂಲು ಕಡಿಯಬಾರದೆಂದು ಗಂಜಿ ಹಾಕುವುದು ರೂಢಿ. ಇದು ಬೆಟ್ಟದ ಬಟ್ಟೆಯೆಂದು ಎರಡು ಪಟ್ಟು ಹಾಕಿಸಿದೆ. ಅದು ಮಗ್ಗದಿಂದ ಇಳಿದು ನೇರ ದರ್ಜಿಯ ಬಳಿ ಹೋಗಿ, ತಲೆಗೊಂದು ಟೊಪ್ಪಿ, ಮೈಗೆಲ್ಲ ಜೇಬುಗಳಿರುವ ಮಹಾಕವಚವಾಗಿ ಮರಳಿತು. ಟಾರ್ಚು, ಹಗ್ಗ, ನೀಲಗಿರಿ ತೈಲ, ಪುಳಿಯೋಗರೆ ಎಲ್ಲವೂ ಜೇಬು ಸೇರಿದವು. ಕೋಟನ್ನು ನೆಲದ ಮೇಲಿಟ್ಟರೆ ತಾನಾಗಿಯೇ ನಿಂತಿತು.

"ಏನುಂಗ, ಒಂದು ಸಲ ಒಗೆದು ಕೊಡ್ತೀನಿ. ಗಂಜಿ ಹೋಗ್ಲಿ. ಕುಗ್ಗೋದೂ ಮನೇಲೇ ಕುಗ್ಗಲಿ," ಎಂದಳು ಚಿನ್ನತಾಯಿ.

"ನೇಯೋದು ನಾನಾ, ನೀನಾ?"

"ನೇಯೋದು ನೀವು. ಒಗೆಯೋದು ನಾನಲ್ವಾ?"

"ಗಂಜಿ ಹೋದ್ಮೇಲೆ ಬಟ್ಟೆಗೇನು ಮರ್ಯಾದೆ?"

ಮಗಳು ಸುಶೀಲ ಕೋಟಿನ ಸುತ್ತ ಒಂದು ಪ್ರದಕ್ಷಿಣೆ ಬಂದು, "ಅಪ್ಪಾ, ನೀವು ಇಲ್ಲೇ ಇರಿ. ಇದೊಂದೇ ಹೋಗಿಬರುತ್ತೆ," ಎಂದಳು.

ಮೊದಲ ಬೆಟ್ಟಕ್ಕೇ ನಾನು ಬೆವರಿನಲ್ಲಿ ಬೆಂದೆ.

"ಮಾಪ್ಳೆ, ಅದನ್ನ ಬಿಚ್ಚಿ ನನ್ನ ಕೈಗೆ ಕೊಡಿ," ಎಂದ ಜೊತೆಗೆ ಹತ್ತುತ್ತಿದ್ದ ಅಂಗಪ್ಪನ್.

"ಮುಂದೆ ಚಳಿ ಇದೆ ಮಚ್ಚಾನ್. ಆಗ ನೀವೇ ಕೇಳ್ತೀರಿ!"

ಚಳಿಗೆ ಮೊದಲು ಮಳೆ ಬಂತು. ಕೋಟಿನ ಗಂಜಿ ಕರಗಿ ಅಂಟಂಟಾಗಿ ಮೈಗೆಲ್ಲ ಮೆತ್ತಿತು. ತೋಳು ಕುಗ್ಗಿ ಮೊಣಕೈಗೆ ಏರಿತು. ಗುಂಡಿಗಳು ಹೊಟ್ಟೆಯನ್ನು ಬಿಗಿಹಿಡಿದು ಬಿಚ್ಚಲಾರೆವೆಂದವು. ಹಿಂದಿರುಗಿಬಿಡೋಣವೆನ್ನಿಸಿತು. ಚಿನ್ನತಾಯಿಯ ಮುಖ ನೆನಪಾಗಿ ಕೋಲು ಊರಿ ಹತ್ತಿದೆ. ಹತ್ತಿಯೇಬಿಟ್ಟೆ ಸ್ವಾಮಿ! ಕಣ್ಣಲ್ಲಿ ನೀರು ತುಂಬಿ ಕೈ ಮುಗಿದೆ, ತಿರುನೀರಿನ ಪೊಟ್ಟಣವನ್ನು ಎದೆಯ ಜೇಬಿನಲ್ಲಿಟ್ಟುಕೊಂಡೆ.

ಅಷ್ಟರಲ್ಲಿ ಬಿಸಿಲು ಬಂತು. ಕೋಟು ಬೇಗ ಒಣಗಲೆಂದು ಎರಡೂ ಕೈ ಚಾಚಿ ನಿಂತೆ. ಒಣಗಿತು. ಕೈ ಮಾತ್ರ ಕೆಳಗಿಳಿಯಲಿಲ್ಲ.

ಪುಳಿಯೋಗರೆಯನ್ನು ಅಂಗಪ್ಪನ್ನೇ ತುತ್ತು ಮಾಡಿ ತಿನ್ನಿಸಿದ. ಏಳು ಬೆಟ್ಟವನ್ನೂ ಬೆಳೆಕಾಯುವ ಬೆರ್ಚಪ್ಪನಂತೆ ಇಳಿದೆ. ಎದುರು ಹತ್ತುತ್ತಿದ್ದವರು ಇದೇನೋ ಕಠಿಣ ಹರಕೆಯೆಂದು ನನಗೇ ಕೈ ಮುಗಿದರು. (ಆಶೀರ್ವಾದ ಮಾಡುವ ಭಂಗಿ ಹೇಗೂ ಸಿದ್ಧವಾಗಿತ್ತು.) ಬಸ್ಸಿನಲ್ಲಿ ನಾನು ಅಡ್ಡಡ್ಡ ನಿಂತದ್ದನ್ನೂ, ಕಂಡಕ್ಟರ್ ಅಂದದ್ದನ್ನೂ ಇಲ್ಲಿ ಬರೆಯುವುದಿಲ್ಲ.

ಮನೆ ಬಾಗಿಲಲ್ಲಿ ಚಿನ್ನತಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಹಂಡೆಯ ಬಿಸಿನೀರು ತಂದು ನನ್ನನ್ನು ಕೋಟಿನ ಸಮೇತ ನೆನೆಸಿದಳು. ಕೈ ಸಡಿಲವಾದ ಮೇಲೆ ನನಗೆ ಜ್ಞಾಪಕ ಬಂತು.

"ಅಯ್ಯೋ, ತಿರುನೀರು!"

ಎದೆಯ ಜೇಬಿನಲ್ಲಿ ಕಾಗದವಿರಲಿಲ್ಲ, ಪುಡಿಯಿರಲಿಲ್ಲ. ಬೂದಿಯೂ ಗಂಜಿಯೂ ಕಲಸಿದ ಒಂದು ಮುದ್ದೆ ಇತ್ತು. ನನಗೆ ಅಳುವೇ ಬಂತು. ಅಂಗಪ್ಪನ್ ತನ್ನ ಸೊಂಟದ ಪೊಟ್ಟಣಕ್ಕೆ ಕೈ ಹಾಕಿದ.

"ಇರಣ್ಣ," ಎಂದಳು ಚಿನ್ನತಾಯಿ. ನನ್ನ ಮುಂದೆ ಬಂದು ಹಣೆ ಒಡ್ಡಿದಳು. ಆ ಮುದ್ದೆಯಿಂದಲೇ ಚಿಟಿಕೆ ತೆಗೆದು ಇಟ್ಟೆ. ಅವಳು ಕಣ್ಣು ಮುಚ್ಚಿಕೊಂಡದ್ದನ್ನು ನೋಡಿ, ಇನ್ನೂ ಏಳು ಬೆಟ್ಟ ಹತ್ತಬಲ್ಲೆ ಅನ್ನಿಸಿತು.

ಮರುದಿನ ಬೆಳಿಗ್ಗೆಯೂ ತಿರುನೀರು ಹಣೆಯ ಮೇಲಿತ್ತು. ಸ್ನಾನ ಮಾಡಿದರೂ ಇತ್ತು. ಅದರ ಮರುದಿನವೂ ಇತ್ತು! ಪಕ್ಕದ ಮನೆಯ ಜಾನಕಿಯಮ್ಮ ಬಂದು ಮುಟ್ಟಿ ನೋಡಿ ಕೆನ್ನೆ ಬಡಿದುಕೊಂಡರು.

"ಅಣ್ಣ ತರೋದು ಮಧ್ಯಾಹ್ನಕ್ಕೇ ಉದುರಿಹೋಗ್ತಿತ್ತು," ಎಂದಳು ಚಿನ್ನತಾಯಿ, ಬೀದಿಗೆಲ್ಲ ಕೇಳುವಂತೆ. ನಾನು ಜಗಲಿಯಲ್ಲಿ ಕೂತಿದ್ದ ಅಂಗಪ್ಪನ್ ಹೊಟ್ಟೆಯ ಕಡೆ ಒಮ್ಮೆ ನೋಡಿದೆ.

ಅವಳು ಮುಂದುವರಿಸಿದಳು: "ಏನುಂಗ, ಮುಂದಿನ ವರ್ಷ ಬೀದಿಯವರಿಗೆಲ್ಲ ನೀವೇ ತರ್ತೀರಿ ಅಂತ ಹೇಳ್ಬಿಟ್ಟಿದೀನಿ. ಈ ಕೋಟು ಈಗ ಸುಶೀಲಾಗೂ ಆಗಲ್ಲ, ಬೇರೆ ನೇಯಿರಿ. ಆದ್ರೆ ಗಂಜಿ ಹಾಗೇ ಇರ್ಲಿ, ಒಗೆಯೋ ಮಾತು ಮಾತ್ರ ಎತ್ತಬೇಡಿ!"