ಹದಿನಾರು ಆಂದೋಲಕಗಳು

ಕೆಲವರ ಹಣೆಯಲ್ಲಿ ಮರ್ಯಾದೆ ಬರೆದಿರುತ್ತದೆ, ನನ್ನ ಹಣೆಯಲ್ಲಿ ಬರೀ ಫಜೀತಿ. ತೊಂಬತ್ತರ ದಶಕದಲ್ಲಿ ನವಿ ಮುಂಬಯಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಟೆಂಪರರಿ ಲೆಕ್ಚರರ್ ಆಗಿದ್ದೆ. ಹದಿನಾರು ಆಸಿಲೇಟರ್ ಸರ್ಕಿಟ್‌ಗಳನ್ನು ತಂತಿಯಿಂದ ಒಂದಕ್ಕೊಂದು ಕಟ್ಟಿದ್ದೆ. ಅರ್ಧಂಬರ್ಧ ಅಕ್ಷರ ಕೊಟ್ಟರೆ ಅವು ಮೆದುಳಿನ ನರಗಳ ಹಾಗೆ ಒಟ್ಟಿಗೇ ಮಿಡಿದು, ಕಣ್ಣು ಮಿಟುಕಿಸುವುದರೊಳಗೆ ಪೂರ್ತಿ ಅಕ್ಷರವನ್ನು ದೀಪಗಳಲ್ಲಿ ತೋರಿಸಬೇಕು. ಹೊರಗಿನಿಂದ ಬರುವ ಪರೀಕ್ಷಕರು ಒಪ್ಪಿದರೆ ನೌಕರಿ ಪರ್ಮನೆಂಟ್. ಇಲ್ಲದಿದ್ದರೆ ಡೊಂಬಿವಲಿಯಲ್ಲಿ ಮಾವನ ಹೋಟೆಲಿನ ಗಲ್ಲಾ.

೧. ಮಾವನ ಪ್ರಶ್ನೆ

"ಅದು ಮಾಡುವುದಾದರೂ ಏನು ಮಾರಾಯ್ರೆ?" ಎಂದು ಮಾವ ಕೇಳಿದರು.

"ಒಂದೊಂದೂ ತನ್ನಷ್ಟಕ್ಕೆ ತೂಗಾಡುತ್ತದೆ ಮಾವ. ಪಕ್ಕದ್ದು ಎಳೆದೂ ಎಳೆದೂ ಕೊನೆಗೆ ಎಲ್ಲ ಒಂದೇ ತಾಳಕ್ಕೆ ಬರುತ್ತವೆ."

"ಬೆಳಗಿನ ಲೋಕಲ್ ರೈಲಿನಲ್ಲಿ, ಮುಂಬ್ರಾ ತಿರುವಿನಲ್ಲಿ ನಾವೂ ಹಾಗೇ ತೂಗಾಡುತ್ತೇವಲ್ಲ! ನಮಗೆ ಯಾರೂ ಸಂಬಳ ಕೊಡುವುದಿಲ್ಲ."

೨. ಒಂದೇ ಉತ್ತರ

ಡೆಮೊದ ಹಿಂದಿನ ದಿನ ‘ಟಿ’ ಕೊಟ್ಟರೂ ದೀಪಗಳು ‘ಎಲ್’ ಅಂದವು. ಏನೂ ಕೊಡದಿದ್ದರೂ ‘ಎಲ್’. ನನಗೆ ಅಳುವೇ ಬಂತು. ಸಡಿಲವಾಗಿದ್ದ ತಂತಿಯೊಂದನ್ನು ಹುಡುಕಿ ಬೆಸುಗೆ ಹಾಕುವಷ್ಟರಲ್ಲಿ ಸಂಜೆಯಾಯಿತು. ಅಲ್ಲಿಯವರೆಗೂ ನೋಡುತ್ತ ನಿಂತಿದ್ದ ಕಲಬುರಗಿ ಕಡೆಯ ಅಟೆಂಡರ್ ಹೇಳಿದ: "ಏನ್ ಕೇಳಿದ್ರೂ ಒಂದ ಮಾತ ಹೇಳ್ತದಲ್ರೀ ಸರ, ಇದಕ್ಕ ಪ್ರಿನ್ಸಿಪಾಲ್ ಮಾಡ್ರಿ."

೩. ಹವಾಲ್ದಾರ್ ಬಂದದ್ದು

ಗೇಟಿಗೆ ಮರಾಠಿಯಲ್ಲಿ ನೋಟಿಸ್ ಹಾಕಿ ಎಂದರು ಪ್ರಿನ್ಸಿಪಾಲರು. ಆಸಿಲೇಟರ್‌ಗೆ ಕನ್ನಡದಲ್ಲಿ ಆಂದೋಲಕ ಅಂತಾರೆ. ಮರಾಠಿಯಲ್ಲೂ ಅದೇ ಇರಬೇಕೆಂದು ನಾನೇ ಜಾಣತನ ಮಾಡಿ ಬರೆದೆ: ‘ಆಜ್ ಲ್ಯಾಬ್‌ಮಧ್ಯೆ ಸೋಳಾ ಆಂದೋಲಕ್.’ ಇವತ್ತು ಲ್ಯಾಬಿನಲ್ಲಿ ಹದಿನಾರು ಆಸಿಲೇಟರ್ ಎಂದು ನನ್ನ ಅರ್ಥ. ಅದನ್ನು ಓದಿ ಯಾರೋ ಪುಣ್ಯಾತ್ಮರು ಪೊಲೀಸರಿಗೆ ಫೋನ್ ಮಾಡಿದ್ದರು.

ಪ್ರಿನ್ಸಿಪಾಲರ ಜೊತೆ ಪರೀಕ್ಷಕರು ಬಂದು ಕೂತರು. ಹಿಂದೆಯೇ ಲಾಠಿ ಹಿಡಿದ ಹವಾಲ್ದಾರ್! "ಕುಠೆ ಆಹೇತ್ ಸೋಳಾ ಆಂದೋಲಕ್?" ಎಲ್ಲಿದ್ದಾರೆ ಆ ಹದಿನಾರು ಮಂದಿ ಎಂದು ಗದರಿದ.

ಮರಾಠಿಯಲ್ಲಿ ಆಂದೋಲಕ್ ಎಂದರೆ ಚಳವಳಿಗಾರ ಎಂದು ಪರೀಕ್ಷಕರೇ ನನ್ನ ಕಿವಿಯಲ್ಲಿ ಹೇಳಬೇಕಾಯಿತು. ಅಯ್ಯೋ, ನೌಕರಿ ಹೋಯಿತು ಅಂದುಕೊಂಡೆ. ಬೆಂಚಿನತ್ತ ಕೈ ತೋರಿಸಿ, ಅರ್ಧ ‘ಟಿ’ ಕೊಟ್ಟೆ. ದೀಪಗಳು ಗಲಿಬಿಲಿಯಾಗಿ ಮಿಣುಕಿ, ಥಟ್ಟನೆ ಪೂರ್ತಿ ‘ಟಿ’ ಆಗಿ ನಿಂತವು.

"ಇವರ ಲೀಡರ್ ಯಾರು?" ಎಂದ ಹವಾಲ್ದಾರ್.

"ಯಾರೂ ಇಲ್ಲ ಸಾಹೇಬ್. ಪಕ್ಕದವರನ್ನು ನೋಡಿಕೊಂಡು ತಾವೇ ಒಂದಾಗ್ತಾರೆ."

"ನಾನು ಕೇಳಬೇಕಾದ್ದನ್ನು ಇವರೇ ಕೇಳಿಬಿಟ್ಟರು" ಎಂದು ಪರೀಕ್ಷಕರು ನಗುತ್ತ ಒಪ್ಪಿಗೆಗೆ ಸಹಿ ಹಾಕಿದರು. ಬದುಕಿದೆಯಾ ಬಡಜೀವವೇ ಅನ್ನಿಸಿತು.

ಹವಾಲ್ದಾರ್ ಮಾತ್ರ ನಗಲಿಲ್ಲ. ಬಾಗಿಲಲ್ಲಿ ನಿಂತು ಪ್ರಿನ್ಸಿಪಾಲರಿಗೆ ಹೇಳಿದ: "ಲೀಡರ್ ಇದ್ದಿದ್ದರೆ ಅವನೊಬ್ಬನನ್ನು ಎತ್ತಿ ಹಾಕಿಕೊಂಡು ಹೋಗ್ತಿದ್ದೆ. ಇವರ ಮೇಲೆ ಕಣ್ಣಿಡಿ ಸಾಹೇಬ್, ಇವರೇ ನಿಜವಾದ ಖತರ್‌ನಾಕ್!"