ಹನ್ನೆರಡು ಡ್ರೈವರು, ಒಂದು ಗೋಡೆ

ಕರಾರು ಹೀಗಿತ್ತು: ನಾನು ಹನ್ನೆರಡು ಮಂದಿ ಡ್ರೈವರನ್ನು ಕೂಡಿಸಿ ಕೊಡಬೇಕು, ಪುಣೆಯ ಸಾಹೇಬರು ನನ್ನ ಅಂಗಡಿಯ ಮುಂದೆ ಎದೆಮಟ್ಟದ ಕಲ್ಲಿನ ಗೋಡೆ ಕಟ್ಟಿಸಿ ಕೊಡಬೇಕು. ಕಾಗದವಿಲ್ಲ, ಸಾಕ್ಷಿಯಿಲ್ಲ, ಬರೀ ಮಾತು. ಮೂವತ್ತು ವರ್ಷ ಮೆಣಸಿನಕಾಯಿ ವ್ಯಾಪಾರ ಮಾಡಿದವನು ಬರೀ ಮಾತಿನ ಮೇಲೆ ಕರಾರು ಮಾಡಬಾರದಿತ್ತು. ಆದರೆ ವ್ಯಾಪಾರಸ್ಥನ ಕಟ್ಟೆಗೆ ಇಂಥ ಪ್ರಸಂಗಗಳು ಕರೆಯದೆಯೇ ಬರುತ್ತಿರುತ್ತವೆ. ಕೆಲವು ನಡೆದುಕೊಂಡು ಬರುತ್ತವೆ, ಕೆಲವು ಲಾರಿಯಲ್ಲಿ ಬರುತ್ತವೆ.

ಲಾರಿಯಲ್ಲಿ ಬಂದವು ಎರಡು. ನನ್ನ ಅಂಗಡಿ ಕುಂದಗೋಳದಿಂದ ಸಂಶಿಗೆ ಹೋಗುವ ದಾರಿಯಲ್ಲಿ, ಸರಿಯಾಗಿ ತಿರುವಿನಲ್ಲಿದೆ. ಎಪ್ಪತ್ತರ ದಶಕದಲ್ಲಿ ಆ ದಾರಿಗೆ ಲಾರಿಗಳು ಹೆಚ್ಚಾದವು; ತಿರುವು ಮಾತ್ರ ಎತ್ತಿನ ಚಕ್ಕಡಿಯ ಕಾಲದ್ದೇ ಉಳಿಯಿತು. ಮೊದಲ ಲಾರಿ ಕಟ್ಟೆ ಹತ್ತಿ ಆರು ಚೀಲ ಮೆಣಸಿನಕಾಯಿ ಒಡೆಯಿತು. ಓಣಿಗೆ ಓಣಿಯೇ ಸಂಜೆಯವರೆಗೆ ಸೀನಿತು, ನಕ್ಕಿತು, ಮರೆಯಿತು. ಎರಡನೆಯದು ಹತ್ತಿದಾಗ ನಮ್ಮ ಓಣಿಯ ಟೇಲರ್ ಅದೇ ಕಟ್ಟೆಯ ಮೇಲೆ ಮಿಷನ್ ಇಟ್ಟುಕೊಂಡು ಹೊಲಿಯುತ್ತಿದ್ದ. ಅವನ ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು. ಆಗ ಯಾರೂ ಸೀನಲಿಲ್ಲ.

ಅದಾಗಿ ವರ್ಷದೊಳಗೆ ಸಾಹೇಬರು ಬಂದರು. ಬೆಳಗಾವಿಯಲ್ಲಿ ಬೆಳೆದು ಪುಣೆ ಸೇರಿದವರು, ಮಾತಾಡುವುದು ಪುಸ್ತಕದ ಕನ್ನಡ. ಗಾಡಿ ಓಡಿಸುವಾಗ ಡ್ರೈವರನ ಗಮನ ಎಲ್ಲಿರುತ್ತದೆ ಎಂಬುದು ಅವರ ಸಂಶೋಧನೆ. ಡ್ರೈವರುಗಳನ್ನು ಒಂದು ಕೋಣೆಯಲ್ಲಿ ಕೂಡಿಸುವುದು, ಮಾತಾಡಿಸುವುದು, ಟೇಪ್ ರೆಕಾರ್ಡರಿನಲ್ಲಿ ಹಿಡಿದುಕೊಳ್ಳುವುದು, ವರದಿ ಬರೆದು ಮೇಲೆ ರಸ್ತೆ ಇಲಾಖೆಗೆ ಕಳಿಸುವುದು.

“ಎಲ್ಲ ಡ್ರೈವರುಗಳೂ ಮಾಲು ತುಂಬಲು ನಿಮ್ಮಲ್ಲಿಗೇ ಬರುತ್ತಾರೆ. ನೀವೇ ಆರಿಸಿ ಕೊಡಿ. ವರದಿಯಲ್ಲಿ ನಿಮ್ಮ ತಿರುವನ್ನೇ ಮೊದಲು ಹಾಕುತ್ತೇನೆ. ಗೋಡೆ ಬಂದೇ ಬರುತ್ತದೆ” ಅಂದರು.

ನಾನು ಕಟ್ಟೆ ನೋಡಿದೆ. ಅದರ ಮೇಲೆ ಮತ್ತೆ ಬಂದು ಕೂತು ಒಂದೇ ಕಾಲಿನಿಂದ ಮಿಷನ್ ತುಳಿಯುತ್ತಿದ್ದ ಟೇಲರನನ್ನು ನೋಡಿದೆ. ಹೂಂ ಅಂದೆ.

ಒಂದೇ ಪ್ರಶ್ನೆ

ಸಾಹೇಬರು ಒಂದು ಹಾಳೆ ಕೊಟ್ಟಿದ್ದರು. ಅದರಲ್ಲಿ ಮೊದಲ ಪ್ರಶ್ನೆ: ಕಳೆದ ಒಂದು ವರ್ಷದಲ್ಲಿ ಗಾಡಿ ಓಡಿಸುವಾಗ ನಿಮ್ಮ ಗಮನ ಬೇರೆ ಕಡೆ ಹೋಗಿತ್ತೇ? ಹೌದು ಎಂದವನನ್ನು ಇಟ್ಟುಕೊಳ್ಳಬೇಕು, ಇಲ್ಲ ಎಂದವನನ್ನು ಬಿಡಬೇಕು.

ಮೂರು ದಿನ ಕೇಳಿದೆ. ಒಬ್ಬನೂ ಹೌದು ಅನ್ನಲಿಲ್ಲ. ಹೌದು ಎಂದರೆ ಲೈಸನ್ಸು ಕಸಿದುಕೊಳ್ಳುತ್ತಾರೆ ಎಂದು ಎಲ್ಲರಿಗೂ ಅನುಮಾನ. ನಾಲ್ಕನೆಯ ದಿನ ಒಬ್ಬ ಲಾರಿಯನ್ನು ಹಿಂದಕ್ಕೆ ತಂದು ಕಟ್ಟೆಗೆ ಹಚ್ಚುತ್ತಿದ್ದಾಗಲೇ ಕೇಳಿಬಿಟ್ಟೆ. ಅವನು ಕಿಟಕಿಯಿಂದ ಎದೆಯವರೆಗೆ ಹೊರಗೆ ಬಂದು, ನನ್ನ ಮಾರಿಯನ್ನೇ ನೋಡುತ್ತ, ಗಂಟಲು ಮುಟ್ಟಿಕೊಂಡು ಹೇಳಿದ:

“ಏನ್ ಮಾತಂತ ಆಡ್ತೀರಿ ಸಾವ್ಕಾರ್ರ! ಹದಿನೆಂಟು ವರ್ಷ ಆತು ಸ್ಟೇರಿಂಗ್ ಹಿಡದು. ಒಂದ ದಿನಾ, ಒಂದ ಗಳಿಗಿ, ನನ್ನ ಧ್ಯಾನ ಆ ಕಡೆ ಈ ಕಡೆ ಹೋಗಿದ್ರ ನಮ್ಮಪ್ಪನ ಆಣಿ ಐತಿ…”

ಅಷ್ಟರಲ್ಲಿ ಹಿಂದೆ ಲಟಕ್ ಎಂದಿತು. ನನ್ನ ದೊಡ್ಡ ತಕ್ಕಡಿ, ಕಂಬದ ಸಮೇತ, ಗಾಲಿಯ ಕೆಳಗೆ.

ಅವನು ಇಳಿದು ಬಂದ. ಸೊಂಟದ ಮೇಲೆ ಕೈ ಇಟ್ಟು ತಕ್ಕಡಿಯನ್ನು ನೋಡಿದ, ನನ್ನನ್ನು ನೋಡಿದ.

“ಇದನ್ನ ಇಲ್ಲಿ ಇಡಬೇಕಾದ್ರ ನಿಮ್ಮ ಧ್ಯಾನ ಎಲ್ಲಿತ್ರಿ?”

ಹೋಳಿಗೆಯ ಮಹಿಮೆ

ವ್ಯಾಪಾರದಲ್ಲಿ ಒಂದು ಮಾತಿದೆ: ಮಾಲು ಬರದಿದ್ದರೆ ದರ ಏರಿಸು. ಗಮನ ಕೆಟ್ಟವರಿಗೆ ರವಿವಾರ ಶಾಲೆಯ ಕೋಣೆಯಲ್ಲಿ ಕೂಟ, ಕೂಟ ಮುಗಿದ ಮೇಲೆ ಹೋಳಿಗೆ ಊಟ ಎಂದು ಹೇಳಿ ಕಳಿಸಿದೆ.

ಮರುದಿನ ಹೆಸರು ಬರೆಸಲು ಇಪ್ಪತ್ತಮೂರು ಮಂದಿ ಬಂದರು. ನಿನ್ನೆಯವರೆಗೆ ರೆಪ್ಪೆ ಬಡಿಯದೆ ಗಾಡಿ ಓಡಿಸುತ್ತಿದ್ದವರೆಲ್ಲ ಇಂದು ಕಣ್ಣು ಮುಚ್ಚಿಕೊಂಡೇ ಓಡಿಸುತ್ತಿದ್ದರು. “ನಂದು ಪೂರಾ ಕೆಟ್ಟೈತ್ರಿ” ಎಂದು ಒಬ್ಬ ಅಂದರೆ, “ಅವಂದೇನ್ ಕೆಟ್ಟೈತ್ರಿ, ನಂದು ಕೇಳ್ರಿ” ಎಂದು ಮತ್ತೊಬ್ಬ. ಗುಡಿಯ ಪೂಜಾರಿ ಬಂದ, ಹಜಾಮ ಬಂದ. ಸಾಹೇಬರು ಒಬ್ಬೊಬ್ಬರನ್ನೇ ಪರೀಕ್ಷೆ ಮಾಡಿ, ಗಾಡಿ ಓಡಿಸದ ಹತ್ತು ಮಂದಿಯನ್ನು ತೆಗೆದು ಹಾಕಿದರು. ಹತ್ತನೆಯವನು ಮಾತ್ರ ಸುಲಭಕ್ಕೆ ಹೋಗಲಿಲ್ಲ.

“ನೀವು ಯಾವ ಗಾಡಿ ಓಡಿಸುತ್ತೀರಿ?”

“ಯಾವ್ದೂ ಓಡಸೂದಿಲ್ರಿ.”

“ಮತ್ತೆ ಯಾಕೆ ಬಂದಿರಿ?”

“ನಾ ಡ್ರೈವರ್ ಬಾಜು ಕುಂಡ್ರಾಂವ್ರಿ. ದಿನಾ ಹುಬ್ಬಳ್ಳಿಗೆ ಹೋಗ್ತೀನಿ, ಬರ್ತೀನಿ. ಹೋಗೂತನಾ ಮಾತಾಡ್ತೀನಿ, ಬರೂತನಾ ಮಾತಾಡ್ತೀನಿ. ಇವ್ರೆಲ್ಲಾ ಗಮನ ಕೆಟ್ಟಾವ್ರಿ. ಕೆಡಿಸಾಂವ ನಾನ!”

ಸಾಹೇಬರ ಪೆನ್ನು ಗಾಳಿಯಲ್ಲಿ ನಿಂತಿತು. ಹಾಳೆಯ ಮೇಲಿಂದ ಕೆಳಗೆ ಬೆರಳಾಡಿಸಿ, “ನಿಮ್ಮಲ್ಲಿ ಲೈಸನ್ಸ್ ಇಲ್ಲವಲ್ಲ” ಅಂದರು.

“ಲೈಸನ್ಸ್ ಇಲ್ಲದ ಇಷ್ಟು ಕೆಡಿಸೀನ್ರಿ” ಅಂದ ಆತ ನೊಂದುಕೊಂಡು. “ಇದ್ದಿದ್ರ ಎಷ್ಟ ಕೆಡಸ್ತಿದ್ದೆ, ನೀವ ಲೆಕ್ಕಾ ಹಾಕ್ರಿ.”

ಗುರುತಿಲ್ಲದವರು

ಹದಿಮೂರು ಉಳಿದರು. ಒಬ್ಬ ಹೆಚ್ಚೇ ಆಯಿತು ಎಂದು ನಾನು ಮೈ ಸಡಿಲ ಬಿಟ್ಟೆ. ಆಗ ಸಾಹೇಬರು ಇನ್ನೊಂದು ನಿಯಮ ತೆಗೆದರು: ಕೂಟದಲ್ಲಿ ಕೂರುವವರಿಗೆ ಒಬ್ಬರ ಗುರುತು ಒಬ್ಬರಿಗೆ ಇರಬಾರದು.

“ಸಾಹೇಬರೇ, ಗುರುತಿಲ್ಲದ ಹನ್ನೆರಡು ಡ್ರೈವರು ಬೇಕಾದರೆ ಪುಣೆಯಿಂದಲೇ ತರಬೇಕು” ಅಂದೆ.

“ಕಡೆಗೆ ಸಂಬಂಧಿಕರಾದರೂ ಇರಬಾರದು” ಎಂದು ಅವರು ಒಂದು ಮೆಟ್ಟಿಲು ಇಳಿದರು.

ಟೇಪು ಪರೀಕ್ಷೆಗೆಂದು ಇಬ್ಬರನ್ನು ಎದುರುಬದುರು ಕೂಡಿಸಿದರು. ಒಬ್ಬ ಬಣ್ಣದ ತೊಟ್ಟಿಲಿಗೆ ಹೆಸರಾದ ಕಲಘಟಗಿ ಕಡೆಯ ತಂಬೂರಿನವನು, ಇನ್ನೊಬ್ಬ ಸಂಶಿಯವನು. “ನಿಮಗೆ ಇವರ ಗುರುತು ಇದೆಯೇ?” ಎಂದು ಸಾಹೇಬರು ಕೇಳಿದರು.

“ಇಲ್ರಿ” ಅಂದ ತಂಬೂರಿನವನು, ಗೋಡೆ ನೋಡುತ್ತ.

“ಇಂಥಾವ್ರ ಗುರ್ತು ನಮಗ ಬ್ಯಾಡ್ರಿ” ಅಂದ ಸಂಶಿಯವನು, ಸೂರು ನೋಡುತ್ತ.

ಸಾಹೇಬರಿಗೆ ಬಲು ಸಂತೋಷ. ಟೇಪು ತಿರುಗತೊಡಗಿತು. “ಇಬ್ಬರೂ ಏನಾದರೂ ಮಾತಾಡಿ” ಅಂದರು. ತಂಬೂರಿನವನು ಗೋಡೆಗೆ ಹೇಳಿದ: “ಏಳು ವರ್ಷ ಆತು, ನಮ್ಮ ತಂಗೀನ ತವರಮನಿಗೆ ಕಳಿಸಿಲ್ಲ.” ಸಂಶಿಯವನು ಸೂರಿಗೆ ಹೇಳಿದ: “ಕಲಘಟಗಿ ಬಾಜು ಮನಿ ಇಟ್ಟಗೊಂಡು, ಸ್ವಂತ ಅಳಿಯಾನ ಹೆಸರಿಡೂ ದಿನ ಬಣ್ಣದ ತೊಟ್ಟಿಲಾ ತರಲಿಲ್ಲ. ಬಿದರಿನ ಬುಟ್ಟಿ ತಂದ್ರು, ಬುಟ್ಟಿ!” “ಬುಟ್ಟಿ ಅಂತೀ ಏನಲೇ? ಕೂಸು ಮಲಗಿತ್ತೋ ಇಲ್ಲೋ?” “ಮಲಗಿತ್ತು! ಬಡವ್ರ ಕೂಸಿನಂಗ ಮಲಗಿತ್ತು!”

ಒಬ್ಬರ ಅಂಗಿ ಒಬ್ಬರು ಹಿಡಿದ ಮೇಲೆ ನಾವು ಬಿಡಿಸಿದೆವು. ಸಾಹೇಬರು ಇಬ್ಬರ ಹೆಸರನ್ನೂ ಹೊಡೆದು ಹಾಕಿದರು. ಪುಣೆಯಲ್ಲಿ ಆ ಟೇಪು ಕೇಳಿದವರು, ನಮ್ಮ ಸೀಮೆಯ ಡ್ರೈವರುಗಳ ಗಮನ ಲಾರಿಯಲ್ಲಿರುವುದಿಲ್ಲ, ತೊಟ್ಟಿಲಲ್ಲಿರುತ್ತದೆ ಎಂದು ಬರೆದುಕೊಂಡಿರಬೇಕು.

ಅರ್ಹತೆ

ಹನ್ನೊಂದಕ್ಕೆ ಬಂದು ನಿಂತಿತು. ಹನ್ನೆರಡಕ್ಕೆ ಒಬ್ಬ ಕಡಿಮೆಯಾದರೂ ಕೂಟ ನಡೆಯುವುದಿಲ್ಲ. ಕೂಟ ನಡೆಯದಿದ್ದರೆ ವರದಿಯಿಲ್ಲ, ವರದಿಯಿಲ್ಲದಿದ್ದರೆ ಗೋಡೆಯಿಲ್ಲ. ಶನಿವಾರ ಮಧ್ಯಾಹ್ನ ಸಾಹೇಬರೂ ನಾನೂ ಕಟ್ಟೆಯ ಮೇಲೆ ಮಾರಿ ಸಣ್ಣ ಮಾಡಿಕೊಂಡು ಕೂತಿದ್ದೆವು. ಟೇಲರ್ ಮಿಷನ್ ನಿಲ್ಲಿಸಿ, “ನಾ ಕುಂಡರ್ತೀನಿ ತಗೋರಿ” ಅಂದ.

“ನೀವು ಏನಾದರೂ ಓಡಿಸುತ್ತೀರಾ?” ಎಂದರು ಸಾಹೇಬರು.

“ಓಡಸ್ತೀನ್ರಿ. ಹೊಲಿಗಿ ಮಿಷನ್. ಒಂದ ಕಾಲಿಲೆ.”

“ವಾಹನ ಓಡಿಸುವವರೇ ಆಗಬೇಕಲ್ಲ.”

“ಸಾಹೇಬ್ರ, ಆ ಲಾರಿಯಾಂವನ ಗಮನ ಎಲ್ಲಿತ್ತು ಅನ್ನೂದು ಅಂವಗ ಏನ್ ಗೊತ್ತಿರತೈತಿ? ಗಮನಾನ ಇರಲಿಲ್ಲಲ್ಲ. ನನ್ನ ಗಮನ ಮಾತ್ರ ಅಗದಿ ಅಂವನ ಮ್ಯಾಲೇ ಇತ್ತು. ಮೈಮ್ಯಾಲೆ ಬರಾಕತ್ತಿದ್ದ. ತಿರುವಿನ ಆ ಕಡೆ ಹಣಮಪ್ಪನ ಗುಡಿ ಐತಲ್ರಿ? ಎರಡೂ ಕೈ ಸ್ಟೇರಿಂಗ್ ಬಿಟ್ಟು, ಕಣ್ಣ ಮುಚ್ಚಿ, ಕೈ ಮುಗ್ಯಾಕತ್ತಿದ್ದ. ಬರಕೋರಿ.”

ಸಾಹೇಬರು ಹಾಳೆ ತಿರುವಿ ನೋಡಿದರು. ಗುರುತು ಹಾಕಲು ಬೀಡಿಗೆ ಒಂದು ಮನೆ, ತಂಬಾಕಿಗೆ ಒಂದು, ರೇಡಿಯೋಕ್ಕೆ ಒಂದು, ಬಾಜು ಕೂತವರ ಮಾತಿಗೆ ಒಂದು. ಕೈ ಮುಗಿಯುವುದಕ್ಕೆ ಮನೆ ಇರಲಿಲ್ಲ. “ನೋಡಿದವರದು ತೆಗೆದುಕೊಳ್ಳುವಂತಿಲ್ಲ. ಓಡಿಸಿದವರೇ ಹೇಳಬೇಕು. ನಿಯಮ” ಅಂದರು.

ಟೇಲರ್ ಮತ್ತೆ ಮಿಷನ್ ತುಳಿದ. ನಾನು ಅವನ ಪರ ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ನನಗೆ ಗೋಡೆ ಬೇಕಿತ್ತು.

ಸಂಜೆಯ ಹೊತ್ತಿಗೆ ಹನ್ನೆರಡನೆಯವನು ಸಿಕ್ಕ. ಟೇಲರನ ಕಾಲು ತೆಗೆದ ಡ್ರೈವರ್. ಸಾಹೇಬರು ಹಾಳೆಯ ಪ್ರಶ್ನೆಗಳನ್ನೆಲ್ಲ ಕೇಳಿ, ತಲೆ ಎತ್ತಿ, ಮೊದಲ ಸಲ ನಕ್ಕರು. ಇಡೀ ತಾಲೂಕಿನಲ್ಲಿ ಎಲ್ಲ ಅರ್ಹತೆಯೂ ಇದ್ದ ಮನುಷ್ಯ ಅವನೊಬ್ಬನೇ.

ಅದು ಬೇರೆ

ರವಿವಾರ ಕೂಟ ಸೇರಿತು. ಕೋಣೆಯಲ್ಲಿ ಹನ್ನೆರಡು ಮಂದಿ, ಟೇಪು, ಸಾಹೇಬರು, ಬಾಗಿಲಲ್ಲಿ ನಾನು. ಹೊರಗಿನಿಂದ ಹೋಳಿಗೆಯ ವಾಸನೆ. ಕಿಟಕಿಯ ಹೊರಗೆ ಟೇಲರ್, ಊರುಗೋಲಿನ ಮೇಲೆ ಗದ್ದ ಊರಿಕೊಂಡು.

“ಗಾಡಿ ಓಡಿಸುತ್ತ ತಂಬಾಕು ತಿಕ್ಕುತ್ತೀರಾ?” ಎಂದು ಸಾಹೇಬರು ಕೇಳಿದರು.

“ತಿಕ್ತೀನ್ರಿ” ಅಂದ ಒಬ್ಬ. “ಸುಣ್ಣಾ ಹಚ್ಚಿ ತಿಕ್ಕಾಕ ಎರಡೂ ಕೈ ಬೇಕಾಗ್ತಾವು. ಆದ್ರ ಮೊಣಕಾಲಿಲೆ ಸ್ಟೇರಿಂಗ್ ಹಿಡದಿರ್ತೀನಿ. ಗಮನ ಹೆಂಗ ಕೆಡತೈತಿ?”

ವಯಸ್ಸಾದ ಬಸ್ ಡ್ರೈವರ್ ಅಂದ: “ಹಿಂದ ಕುಂತ ಹಿರ್ಯಾರು ಮಾತಾಡಿಸಿದ್ರ ನಾ ಹೊಳ್ಳಿ ಮಾರಿ ನೋಡೇ ಮಾತಾಡಾಂವ. ರಸ್ತಾ ನೋಡಕೋತ ಮಾತಾಡಿದ್ರ ಸೊಕ್ಕು ಬಂದೈತಿ ಅಂತಾರ್ರಿ. ರಸ್ತಾ ಎಲ್ಲಿ ಹೋಗತೈತಿ? ಅಲ್ಲೇ ಇರತೈತಿ.”

ಸಾಹೇಬರಿಗೆ ಟೇಲರನ ಮಾತು ಕೊರೆಯುತ್ತಿತ್ತೋ ಏನೋ, ಹಾಳೆಯಲ್ಲಿ ಇಲ್ಲದ ಪ್ರಶ್ನೆ ಕೇಳಿದರು: “ದಾರಿಯಲ್ಲಿ ದೇವರಿಗೆ ಕೈ ಮುಗಿಯುವುದು?”

ಹನ್ನೆರಡೂ ಮಂದಿ ಒಮ್ಮೆಲೇ ಅಂದರು: “ಅದು ಬ್ಯಾರೆ ರೀ!”

“ಒಂದು ಕೈಯಿಂದ ಮುಗಿದರೆ ಸಾಲದೇ?”

ಕಾಲು ತೆಗೆದವನು ಕಿವಿ ಹಿಡಿದುಕೊಂಡ. “ಒಂದ ಕೈಲೆ ಮುಗದ್ರ ದೇವ್ರು ಮುನೀತಾನ್ರಿ.”

“ಎರಡು ಕೈಲೆ ಮುಗದ್ರ ನನ್ನ ಕಾಲು ಹೋಗತೈತಲೇ” ಅಂದ ಟೇಲರ್ ಕಿಟಕಿಯಿಂದ.

ಕಾಲು ತೆಗೆದ ಡ್ರೈವರ್ ಎದ್ದು ಕಿಟಕಿಯ ಹತ್ತಿರ ಹೋದ. ತಪ್ಪಾಯಿತು ಅನ್ನುತ್ತಾನೆ ಎಂದುಕೊಂಡೆ. ಅವನ ಕಣ್ಣಲ್ಲಿ ನೀರೂ ಇತ್ತು.

“ಕಾಕಾ, ಅವತ್ತ ಹಣಮಪ್ಪಗ ಕೈ ಮುಗದಿದ್ದೆ ಅಂತ ಒಂದ ಕಾಲಿಗೆ ಮುಗೀತು. ಕೈ ಮುಗೀದಿದ್ರ ಎರಡೂ ಹೋಗ್ತಿದ್ವು.”

ಹನ್ನೊಂದು ತಲೆಗಳು ಹೌದೌದು ಎಂದು ಅಲ್ಲಾಡಿದವು. ಆಮೇಲೆ ಎಲ್ಲರೂ ಹೋಳಿಗೆಗೆ ಎದ್ದರು.

ಗಳಿಕೆ

ಮುಂದಿನ ಸುಗ್ಗಿಯ ಹೊತ್ತಿಗೆ ಒಂದು ಜೀಪು ಬಂತು. ಕಲ್ಲಿಲ್ಲ, ಸಿಮೆಂಟಿಲ್ಲ, ಎರಡು ಕಬ್ಬಿಣದ ಕಂಬ, ಒಂದು ಬೋರ್ಡು. ‘ಚಾಲಕರೇ, ನಿಮ್ಮ ಗಮನ ರಸ್ತೆಯ ಮೇಲಿರಲಿ’ ಎಂದು ದೊಡ್ಡ ಅಕ್ಷರ. ಅದರ ಕೆಳಗೆ ಕಡಲೆಬೇಳೆಯಷ್ಟು ಸಣ್ಣ ಅಕ್ಷರದಲ್ಲಿ ಆರು ಸಾಲು ಉಪದೇಶ.

“ಗೋಡೆ ಎಲ್ಲಪ್ಪಾ?” ಅಂದೆ.

“ವರದಿ ಓದಿ ಇದನ್ನ ಹಾಕಾಕ ಹೇಳ್ಯಾರ್ರಿ” ಎಂದು ಜೀಪಿನವನು ನನ್ನ ಕಟ್ಟೆಯ ಮುಂದೆಯೇ ಗುಣಿ ತೋಡಿಸಿದ.

ಹದಿನೈದು ದಿನವೂ ಆಗಿರಲಿಲ್ಲ. ಹಗಲು ಹನ್ನೊಂದು ಗಂಟೆಗೆ ಹತ್ತಿ ಹೇರಿಕೊಂಡ ಲಾರಿಯೊಂದು ತಿರುವಿಗೆ ಬಂತು. ಡ್ರೈವರ್ ನಾಲ್ಕು ಅಕ್ಷರ ಬಲ್ಲವನು. ದೊಡ್ಡ ಸಾಲು ಓದಿದ, ಸಣ್ಣ ಸಾಲಿಗೆ ಕಣ್ಣು ಕಿರಿದು ಮಾಡಿದ. ಮೂರನೆಯ ಸಾಲಿನ ಹೊತ್ತಿಗೆ ಲಾರಿ ರಸ್ತೆ ಬಿಟ್ಟಿತ್ತು. ನೇರ ಬಂದು ಬೋರ್ಡಿಗೆ ಬಡಿಯಿತು. ಕಂಬಗಳು ನನ್ನ ಕಟ್ಟೆಗೆ ನಮಸ್ಕಾರ ಮಾಡಿದಂತೆ ಬಾಗಿದವು. ಟೇಲರನ ಮಿಷನ್ನಿಗೆ ಎರಡು ಮೊಳ ಇರುವಾಗ ಲಾರಿ ನಿಂತಿತು.

ಡ್ರೈವರ್ ಇಳಿದ. ಮೈಮೇಲೆ ಒಂದು ಗೀರೂ ಇಲ್ಲ. ಬಾಗಿದ ಬೋರ್ಡನ್ನು ಬಹಳ ಹೊತ್ತು ನೋಡಿದ. ಆಮೇಲೆ ಚಪ್ಪಲಿ ಬಿಟ್ಟು ನನ್ನ ಅಂಗಡಿಗೆ ಬಂದು, “ಸಾವ್ಕಾರ್ರ, ಒಂದ ಕಾಯಿ ಕೊಡ್ರಿ” ಅಂದ. ಅಂಗಡಿಯಲ್ಲಿ ಅಡುಗೆಗೆಂದು ಇಟ್ಟ ತೆಂಗಿನಕಾಯಿ ಇದ್ದವು. ಕೇಳಿದವನಿಗೆ ಇಲ್ಲ ಎನ್ನುವುದು ನನ್ನ ರೂಢಿಯಲ್ಲಿಲ್ಲ. ಕೊಟ್ಟೆ. ಅವನು ಅದನ್ನು ಬೋರ್ಡಿನ ಕಂಬಕ್ಕೆ ಒಡೆದು, ಅಡ್ಡಬಿದ್ದು ಹೋದ.

ಮರುದಿನ ಯಾರೋ ಕುಂಕುಮ ಹಚ್ಚಿದರು. ಅಮಾವಾಸ್ಯೆಗೆ ಹಾರ ಬಿತ್ತು. ಸಣ್ಣ ಅಕ್ಷರಗಳು ಎಣ್ಣೆಯಲ್ಲಿ ಮುಚ್ಚಿಹೋದವು. ಈಗ ತಿರುವಿಗೆ ಬರುವ ಪ್ರತಿ ಲಾರಿಯವನೂ ಆ ಕಡೆ ಹಣಮಪ್ಪನಿಗೆ ಒಮ್ಮೆ ಕೈ ಮುಗಿದು, ಈ ಕಡೆ ಹೊರಳಿ ಬೋರ್ಡಿಗೆ ಇನ್ನೊಮ್ಮೆ ಮುಗಿಯುತ್ತಾನೆ. ಕಾಯಿಯ ವ್ಯಾಪಾರ ಚೆನ್ನಾಗಿದೆ, ಸುಳ್ಳು ಹೇಳಲಾರೆ. ಗೋಡೆಯ ಸಲುವಾಗಿ ನಾನು ಪುಣೆಗೆ ಮತ್ತೆ ಕಾಗದ ಬರೆಯಲಿಲ್ಲ. ಗೋಡೆ ಬಂದರೆ ಬೋರ್ಡು ಕೀಳಬೇಕಾಗುತ್ತದೆ.

ಒಂದು ದಿನ ಟೇಲರ್ ಸೂಜಿಗೆ ದಾರ ಪೋಣಿಸುತ್ತ, ತಲೆ ಎತ್ತದೆ ಕೇಳಿದ:

“ಸಾವ್ಕಾರ್ರ, ಹನ್ನೆರಡು ಮಂದೀನ ಕೊಟ್ಟು ಏನ್ ಗಳಿಸಿದ್ವಿ, ಲೆಕ್ಕಾ ಮಾಡೂಣೇನ್ರಿ?”

“ಮಾಡು” ಅಂದೆ.

“ಮೊದಲ ತಿರುವಿನ್ಯಾಗ ದೇವ್ರು ಒಂದಿತ್ತು, ನನಗ ಕಾಲು ಎರಡಿದ್ವು. ಈಗ ದೇವ್ರು ಎರಡು ಆಗ್ಯಾವು, ಕಾಲು ಒಂದೈತಿ.”