ಬುಟ್ಟಿಯ ಕೆಳಗಿನ ಜಗಳ

ನಮ್ಮ ದೊಡ್ಡವ್ವನನ್ನು ಜಗಳಗಂಟಿ ಎಂದವರ ಮಾತನ್ನು ನಾನು ಎಂದೂ ಒಪ್ಪಿಲ್ಲ. ಜಗಳಗಂಟಿಯರು ಸಿಕ್ಕಸಿಕ್ಕವರ ಮೇಲೆ ಏರಿಹೋಗುತ್ತಾರೆ. ದೊಡ್ಡವ್ವ ಹಾಗಲ್ಲ. ಬಾಜೂಮನೆಯ ಕಾಕು ಒಬ್ಬಳ ಜೊತೆಗೇ, ಮೂವತ್ತು ವರ್ಷ, ಇಬ್ಬರೂ ಊರಲ್ಲಿದ್ದ ಒಂದು ದಿನವೂ ತಪ್ಪದೆ! ಇಷ್ಟು ನಿಷ್ಠೆ ಗಂಡಹೆಂಡಿರಲ್ಲಾದರೂ ಎಲ್ಲಿದೆ ಹೇಳಿ?

ಘಟಪ್ರಭೆಯ ದಂಡೆಯ ನಮ್ಮೂರಲ್ಲಿ ಎರಡು ಹಿತ್ತಲುಗಳ ನಡುವೆ ಎದೆಮಟ್ಟದ ಗೋಡೆ. ಕಾಕುವಿನ ಕೋಳಿ ಈಚೆ ಹಾರಿದರೆ ಜಗಳ, ಹಾರದಿದ್ದರೆ ‘ನಮ್ಮ ಹಿತ್ತಲೇನು ಹೊಲಸೇ’ ಎಂದು ಜಗಳ. ಮಧ್ಯೆ ಕೆಲಸ ಬಂದರೆ?

“ಮುಚ್ಚಿಡವಾ, ಎಮ್ಮಿ ಹಿಂಡಿ ಬರ್ತೇನಿ.”

“ಹೋಗಿ ಬಾ, ನಾನೂ ಎರಡ ರೊಟ್ಟಿ ಬಡದ ಬರ್ತೇನಿ.”

ಗೋಡೆಯ ಮೇಲೆ ಒಂದು ಬುಟ್ಟಿ ಬೋರಲು ಹಾಕಿದರೆ ಜಗಳ ಅದರ ಕೆಳಗೆ ಭದ್ರ! ಕೆಲಸ ಮುಗಿಸಿ ಬಂದು ಬುಟ್ಟಿ ಎತ್ತಿ, ಬಿಟ್ಟ ಬೈಗುಳದಿಂದಲೇ ಮುಂದುವರಿಸುವರು. ಒಮ್ಮೆ ಮಳೆ ಬಂತೆಂದು ನಾನು ಬುಟ್ಟಿಯನ್ನು ಒಳಗಿಟ್ಟೆ. ಅವತ್ತು ಇಬ್ಬರೂ ಒಂದಾಗಿ ಬೈದದ್ದು ನನ್ನನ್ನು!

ಕಾಕು ಮಗಳ ಬಾಣಂತನಕ್ಕೆಂದು ಕಲ್ಲೋಳಿಗೆ ಹೋದಾಗ ದೊಡ್ಡವ್ವನಿಗೆ ಊಟ ಸೇರಲಿಲ್ಲ. ಅಜೀರ್ಣವೆಂದು ಓಮಿನ ಕಾಳು ತಿಂದಳು. ತಿಂಗಳ ಮೇಲೆ ಗೋಡೆಯಾಚೆ ಕೆಮ್ಮು ಕೇಳಿಸಿತು. “ಬಂದೇನ ಮಾರಾಯ್ತಿ? ನಿನ್ನ ಕೋಳಿ ನನ್ನ ಮೆಣಸಿನಗಿಡಾ ಎಲ್ಲಾ ಕೆದರ್ಯಾವ!” ಅಂದು ರಾತ್ರಿ ದೊಡ್ಡವ್ವ ನಾಲ್ಕು ರೊಟ್ಟಿ ತಿಂದಳು.

ಅರವತ್ತನೆಯ ಇಸವಿಯ ಆಚೆ ಹಿಡಕಲ್ಲಿನಲ್ಲಿ ಅಣೆಕಟ್ಟೆಯ ಕೆಲಸ ಶುರುವಾಯಿತು. ನಮ್ಮೂರು ಮುಳುಗುವುದು ಖಾತ್ರಿಯಾಯಿತು. ಹೊಸ ಊರಿನ ಜಾಗಕ್ಕೆ ಚೀಟಿ ಎತ್ತಿದರು. ದೊಡ್ಡವ್ವನಿಗೆ ಮೇಲಿನ ತುದಿ, ಕಾಕುವಿಗೆ ಕೆಳಗಿನ ತುದಿ! ಇನ್ನಾದರೂ ಶಾಂತಿ ಎಂದು ಓಣಿಯೇ ನಕ್ಕಿತು. ದೊಡ್ಡವ್ವ ಮಾತ್ರ ನಗಲಿಲ್ಲ. ಗೋಕಾಕದಲ್ಲಿ ಆಗಷ್ಟೇ ಮಾಸ್ತರಿಣಿಯಾಗಿದ್ದ ನನ್ನನ್ನು ಕರೆಸಿ, ಬಸ್ಸು ಹತ್ತಿಸಿ, ಹುಕ್ಕೇರಿಯ ಕಚೇರಿಗೆ ಎಳೆದೊಯ್ದಳು.

“ಸಾಹೇಬ್ರ, ನನ್ನ ಚೀಟಿ ಬದಲ ಮಾಡ್ರಿ. ಮೂವತ್ತ ವರ್ಷ ನನ್ನ ಕೂಡ ಜಗಳಾಡಿದಾಕಿ ಬಾಜೂಕ ನನಗ ಜಾಗಾ ಬೇಕು.”

“ಜಗಳ ತಪ್ಪತಲ್ಲ ಆಯಿ, ಚಲೋ ಆತ ಬಿಡ್ರಿ.”

“ಹೊಸಬರಿಗೆ ಮೊದಲಿಂದ ಜಗಳಾ ಕಲಸಾಕ ನನಗೇನ ವಯಸ್ಸ ಐತೇನ್ರಿ?”

ಸಾಹೇಬರು ಹೊಟ್ಟೆ ಹಿಡಿದು ನಕ್ಕರು. ಆದರೆ ಚೀಟಿ ಬದಲಿಸಲು ಬರುವುದಿಲ್ಲವೆಂದು ರಿಜಿಸ್ಟರು ಮುಚ್ಚಿದರು. ದೊಡ್ಡವ್ವ ನನ್ನ ರಟ್ಟೆ ಹಿಡಿದು ಮುಂದೆ ನಿಲ್ಲಿಸಿದಳು.

“ಈಕಿ ನನ್ನ ತಂಗಿ ಮಗಳ್ರಿ. ಈಕಿನ್ನ ಹಡದ ಹದಿನೈದ ದಿನಕ್ಕ ತಂಗಿ ಹೋದ್ಲು. ನಾನೋ ಬಂಜಿ, ಎದಿಯಾಗ ಹಾಲ ಎಲ್ಲಿಂದ ತರ್ಲಿ? ಆಕಿ ಒಂದ ಮಗ್ಗಲಕ ತನ್ನ ಮಗಳನ್ನ, ಒಂದ ಮಗ್ಗಲಕ ಈಕಿನ್ನ ಹಾಕ್ಕೊಂಡ ಹಾಲ ಕುಡಿಸ್ಯಾಳ್ರಿ. ಅಂಥಾಕಿನ್ನ ಊರ ಆ ತುದಿಗೆ ಕಳಿಸಿ ನನಗ ತುತ್ತ ಇಳೀತೈತೇನ್ರಿ?”

ಸಾಹೇಬರು ಮತ್ತೆ ರಿಜಿಸ್ಟರು ತೆರೆದರು. ಬದಲಿಗೆ ಒಪ್ಪುವವರನ್ನು ತಾವೇ ಕೇಳಿ ನೋಡುವೆನೆಂದರು. ವಾರದೊಳಗೆ ಕೇಳಿ, ಒಪ್ಪಿಸಿಯೂ ಕೊಟ್ಟರು. ಅವರ ಹೊಟ್ಟೆ ತಣ್ಣಗಿರಲಿ.

ನನಗೆ ಈ ಹಾಲಿನ ಸಂಗತಿ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅಂದು ಮರಳುವ ಬಸ್ಸಿನಲ್ಲಿ ಕುಳಿತು ಆ ಜಗಳಗಳನ್ನೆಲ್ಲ ಒಂದೊಂದಾಗಿ ನೆನೆದೆ. ಕಾಕು ಏನೇನು ಎತ್ತಿ ಆಡಿರಲಿಲ್ಲ! ದೊಡ್ಡವ್ವನ ತವರನ್ನು ಬಿಡಲಿಲ್ಲ, ಅಡುಗೆಯನ್ನು ಬಿಡಲಿಲ್ಲ, ಸತ್ತ ಅತ್ತೆಯನ್ನೂ ಬಿಡಲಿಲ್ಲ. ಆದರೆ ಎಂಥ ಸಿಟ್ಟಿನಲ್ಲೂ, ನಿನ್ನ ಕೂಸಿಗೆ ಹಾಲು ಕೊಟ್ಟವಳು ನಾನು ಎಂಬ ಒಂದು ಮಾತು ಅವಳ ಬಾಯಿಂದ ಬಂದಿರಲಿಲ್ಲ.